ಗರ್ಭಿಣಿಯರ ವ್ಯಾಯಾಮದ ಆ್ಯಪ್: ಅಳೆಯುವುದೇನನ್ನು?

ಗರ್ಭಿಣಿಯರಿಗೆ ಶ್ರೋಣಿತಳದ ವ್ಯಾಯಾಮ ಕಲಿಸುವ ಮೊಬೈಲ್ ಆ್ಯಪ್‌ಗಳು ಈಗ ಹಲವಾರಿವೆ. ರಚನೆ ಬಹುಮಟ್ಟಿಗೆ ಒಂದೇ. ಪರದೆಯ ಮೇಲೆ ವೃತ್ತವೊಂದು ಹಿಗ್ಗುತ್ತದೆ, ‘ಬಿಗಿ ಹಿಡಿಯಿರಿ’ ಎಂಬ ಸೂಚನೆ ಬರುತ್ತದೆ. ಕೆಲವು ಸೆಕೆಂಡುಗಳ ನಂತರ ವೃತ್ತ ಕುಗ್ಗುತ್ತದೆ, ‘ಸಡಿಲಿಸಿ’. ದಿನಕ್ಕೆ ಮೂರು ಬಾರಿ ಗಂಟೆ ಬಾರಿಸಿ ನೆನಪಿಸುವುದೂ ಉಂಟು. ವಾರದ ಕೊನೆಗೆ ಏರುಮುಖದ ನಕ್ಷೆ, ಜೊತೆಗೆ ಅಭಿನಂದನೆ. ಈ ನಕ್ಷೆಯ ಲಂಬ ಅಕ್ಷದಲ್ಲಿರುವ ಪರಿಮಾಣ ಯಾವುದು? ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ನಕ್ಷೆ ತಂದರೆ ನಾವು ಮೊದಲು ಕೇಳುವ ಪ್ರಶ್ನೆ ಇದು.

ಸೊಂಟದ ಮೂಳೆಗಳ ಬಟ್ಟಲಿನ ಅಡಿಯಲ್ಲಿ ಜೋಲಿಯಂತೆ ಹರಡಿಕೊಂಡಿರುವ ಸ್ನಾಯುಗಳೇ ಶ್ರೋಣಿತಳ. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಅದೇ ಆಸರೆ. ಕೆಮ್ಮಿದಾಗ, ಕೊಡ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ತಟ್ಟನೆ ಏರುತ್ತದೆ. ಮೂತ್ರನಾಳವನ್ನು ಮುಚ್ಚಿ ಹಿಡಿದಿರುವ ಒತ್ತಡವು ಮೂತ್ರಕೋಶದೊಳಗಿನ ಒತ್ತಡಕ್ಕಿಂತ ಹೆಚ್ಚಿರುವ ತನಕ ಸೋರಿಕೆಯಿಲ್ಲ. ಗರ್ಭದ ಭಾರ, ಹಾರ್ಮೋನುಗಳ ಬದಲಾವಣೆ, ಕೊನೆಗೆ ಹೆರಿಗೆ ಈ ಸಮತೋಲವನ್ನು ಕೆಡಿಸುತ್ತವೆ. ತುಂಗಭದ್ರೆಯ ದಂಡೆಯ ಮುಕ್ಕುಂದದಂತಹ ಸಿಂಧನೂರು ಸೀಮೆಯ ಭತ್ತದ ಊರುಗಳಲ್ಲಿ ಬಾಗಿ ನಾಟಿ ಹಚ್ಚುವವರು, ಬುಟ್ಟಿ ಹೊರುವವರು ಹೆಂಗಸರೇ. ಕೆಮ್ಮಿದರೆ ಸೀರೆ ಒದ್ದೆಯಾಗುವುದನ್ನು ‘ಹಡೆದವರಿಗೆ ಇದ್ದದ್ದೇ’ ಎಂದು ನುಂಗಿಕೊಂಡು, ದಾಕ್ತರರ ಮುಂದೆಯೂ ಬಾಯಿ ಬಿಡದವರು ಎಷ್ಟೋ ಮಂದಿ. ಅಂಥವರಿಗೆ ಗುಟ್ಟಾಗಿ ಕಲಿಸುವ ಸಾಧನವೊಂದು ಸಿಕ್ಕರೆ ಒಳ್ಳೆಯದೇ. ಫೋನು ಗಂಡನ ಕಿಸೆಯಲ್ಲಿದ್ದರೆ ಆ ಗುಟ್ಟೂ ಉಳಿಯದು ಎಂಬುದು ಬೇರೆ ಮಾತು.

ವ್ಯಾಯಾಮದ ಪ್ರಯೋಜನಕ್ಕೆ ಒಳ್ಳೆಯ ಆಧಾರವಿದೆ. 2020ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಸೋರಿಕೆಯಿಲ್ಲದ ಗರ್ಭಿಣಿಯರು ಮೊದಲೇ ಇದನ್ನು ಆರಂಭಿಸಿದರೆ ಗರ್ಭಾವಸ್ಥೆಯ ಕೊನೆಯಲ್ಲಿ ಸೋರಿಕೆಯ ಸಂಭವ ಶೇ. 62ರಷ್ಟು, ಹೆರಿಗೆಯಾದ 3ರಿಂದ 6 ತಿಂಗಳಲ್ಲಿ ಶೇ. 29ರಷ್ಟು ತಗ್ಗುತ್ತದೆ. ಆದರೆ ಇದು ಸರಿಯಾಗಿ ಮಾಡಿದ ವ್ಯಾಯಾಮದ ಮಾತು. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 47 ಮಹಿಳೆಯರಿಗೆ ಕ್ರಮವನ್ನು ಬಾಯಿಮಾತಿನಲ್ಲಷ್ಟೇ ವಿವರಿಸಿ, ಆಮೇಲೆ ಅಳತೆ ಮಾಡಿ ನೋಡಲಾಯಿತು. ಸರಿಯಾಗಿ ಮಾಡಿದವರು 23 ಮಂದಿ. ಕಾಲುಭಾಗದಷ್ಟು ಮಂದಿಯ ಕ್ರಮವು ಸೋರಿಕೆಗೆ ಇಂಬು ಕೊಡುವಂಥದಾಗಿತ್ತು. ಕಾರಣ ಸರಳ. ಸ್ನಾಯುವನ್ನು ಒಳಗೆ ಮೇಲಕ್ಕೆ ಎಳೆದುಕೊಳ್ಳುವ ಬದಲು ಉಸಿರು ಕಟ್ಟಿ ಕೆಳಕ್ಕೆ ತಿಣುಕಿದರೆ, ತಡೆಯಬೇಕಾದ ಒತ್ತಡವನ್ನೇ ಹೆಚ್ಚಿಸಿದಂತೆ. ಎರಡರಲ್ಲೂ ‘ಬಿಗಿ ಹಿಡಿದ’ ಅನುಭವವೇ ಆಗುತ್ತದೆ. ಕನ್ನಡದ ಆ ಎರಡು ಪದಗಳು ದಿಕ್ಕನ್ನು ಹೇಳುವುದಿಲ್ಲ.

ಈ ವ್ಯಾಯಾಮಕ್ಕೆ ತನ್ನ ಹೆಸರು ಕೊಟ್ಟ ಅರ್ನಾಲ್ಡ್ ಕೆಗೆಲ್ ಇದನ್ನು ಚೆನ್ನಾಗಿ ಅರಿತಿದ್ದರು. 1948ರಲ್ಲಿ ಅವರು ವ್ಯಾಯಾಮದೊಡನೆ ಒಂದು ಮಾಪಕವನ್ನೂ ವರ್ಣಿಸಿದರು: ಗಾಳಿ ತುಂಬಿದ ರಬ್ಬರ್ ಕೋಶ, ಒಂದು ಕೊಳವೆ, ಒತ್ತಡ ತೋರಿಸುವ ಮುಳ್ಳು. ಸರಿಯಾಗಿ ಸಂಕುಚಿಸಿದಾಗ ಮುಳ್ಳು ಏರುವುದನ್ನು ರೋಗಿಯೇ ನೋಡಿ ಕಲಿಯುತ್ತಿದ್ದಳು. ಎಪ್ಪತ್ತು ವರ್ಷಗಳ ಮೇಲೆ ಬಂದ ಆ್ಯಪ್ ಕೆಗೆಲ್‌ರ ಗಡಿಯಾರವನ್ನು ಉಳಿಸಿಕೊಂಡು ಮಾಪಕವನ್ನು ಕೈಬಿಟ್ಟಿದೆ. ಫೋನಿನಲ್ಲಿ ವೇಗೋತ್ಕರ್ಷಮಾಪಕವಿದೆ ನಿಜ; ಅದು ಅಳೆಯುವುದು ಫೋನಿನ ಚಲನೆಯನ್ನು. ಪ್ರತ್ಯೇಕ ಸಂವೇದಕವನ್ನು ಜೋಡಿಸದೆ ಈ ಸ್ನಾಯುವಿನ ಬಲ ಅದಕ್ಕೆ ತಿಳಿಯದು. ಹಾಗಾಗಿ ಲಂಬ ಅಕ್ಷದಲ್ಲಿರುವುದು ಬಟನ್ ಒತ್ತಿದ ಎಣಿಕೆ ಮಾತ್ರ.

ಆ್ಯಪ್‌ಗಳೆಲ್ಲ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಸ್ವೀಡನ್ನಿನ ‘ಟೇಟ್’ ಆ್ಯಪ್ ಅನ್ನು 123 ಮಹಿಳೆಯರಲ್ಲಿ ಯಾದೃಚ್ಛಿಕ ಪ್ರಯೋಗಕ್ಕೆ ಒಳಪಡಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಳಸಿದವರಲ್ಲಿ ಸೋರಿಕೆ ಕಡಿಮೆಯಾಯಿತು. ಅವರು ಆಗಲೇ ಸೋರಿಕೆಯಿದ್ದವರು. ಈ ಫಲಿತಾಂಶವನ್ನು ಸೋರಿಕೆಯಿಲ್ಲದ ಗರ್ಭಿಣಿಗೆ ನೇರವಾಗಿ ಅನ್ವಯಿಸಲಾಗದು. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಸೋರಿಕೆಯುಳ್ಳವರಿಗೆ ದಿನಕ್ಕೆ 3 ಬಾರಿ, ಪ್ರತಿ ಬಾರಿ ಕನಿಷ್ಠ 8 ಸಂಕುಚನಗಳನ್ನು ಸೂಚಿಸುತ್ತದೆ. ಅದಕ್ಕೆ ಮುನ್ನ ಸ್ನಾಯು ಸಂಕುಚಿಸುತ್ತಿದೆಯೇ ಎಂದು ಬೆರಳಿನಿಂದ ಪರೀಕ್ಷಿಸಿ ನೋಡಬೇಕೆಂದೂ ಹೇಳುತ್ತದೆ. ಗಂಟೆ ಬಾರಿಸುವ ಆ್ಯಪ್ ಇಂಥ ಅಂಕಿಗಳನ್ನು ಪಾಲಿಸಬಲ್ಲದು; ಪರೀಕ್ಷೆಯನ್ನು ಪಾಲಿಸಲಾರದು.

ಆ ಪರೀಕ್ಷೆಗೆ ನಮ್ಮಲ್ಲಿ ಅವಕಾಶವಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಗರ್ಭಿಣಿಯರನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರು ಪರೀಕ್ಷಿಸುತ್ತಾರೆ. ಅಂದು ಕೆಲವು ನಿಮಿಷ ಇದಕ್ಕೂ ಸಿಕ್ಕರೆ, ಮನೆಯಲ್ಲಿ ಗಂಟೆ ಬಾರಿಸುವ ಕೆಲಸವನ್ನು ಆ್ಯಪ್ ಮಾಡಲಿ. ತಯಾರಕರು ನಕ್ಷೆಯ ಅಕ್ಷಕ್ಕೆ ‘ಬಟನ್ ಒತ್ತಿದ ಸಂಖ್ಯೆ’ ಎಂದು ಕನ್ನಡದಲ್ಲಿ ಬರೆಯಲಿ, ‘ನಿಮ್ಮ ಬಲ ಹೆಚ್ಚಿದೆ’ ಎಂಬ ಅಭಿನಂದನೆಯನ್ನು ತೆಗೆದುಹಾಕಲಿ.