‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’: ಹಾಡೇ ಕಥೆಯಾದ ಚಿತ್ರ

1991ರಲ್ಲಿ ತೆರೆಕಂಡ ಡಿಸ್ನಿಯ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’, ಬಾಲ್ಯದಲ್ಲಿ ನೋಡಿ ಮೆಚ್ಚಿದವರಿಗೆ ವಯಸ್ಸಾದ ಮೇಲೆ ಇನ್ನಷ್ಟು ಹಿರಿದಾಗಿ ಕಾಣುವ ಅಪರೂಪದ ಆ್ಯನಿಮೇಷನ್ ಚಿತ್ರ. ಮಕ್ಕಳ ಕಣ್ಣು ಮಾತನಾಡುವ ಟೀ ಪಾತ್ರೆಯ ಮೇಲೆ, ಕುಣಿಯುವ ದೀಪಸ್ತಂಭದ ಮೇಲೆ ನೆಟ್ಟಿರುವುದರಿಂದ, ಹಾಡುಗಳ ಹಿಂದಿನ ಕೌಶಲ ಗಮನಕ್ಕೆ ಬರುವುದು ತಡವಾಗಿಯೇ.

ಗೀತರಚನಕಾರ ಹೊವಾರ್ಡ್ ಆ್ಯಶ್‌ಮನ್ ಮತ್ತು ಸಂಯೋಜಕ ಅಲನ್ ಮೆಂಕೆನ್ ರಂಗಭೂಮಿಯಿಂದ ಬಂದವರಾದ್ದರಿಂದ, ಕಥೆಯನ್ನು ನಿಲ್ಲಿಸದೆ ಹಾಡಿನೊಳಗೇ ಮುನ್ನಡೆಸುವ ಬ್ರಾಡ್‌ವೇ ಕ್ರಮವನ್ನು, ಅಂದರೆ ನ್ಯೂಯಾರ್ಕಿನ ಸಂಗೀತನಾಟಕಗಳ ರೀತಿಯನ್ನು, ಇಲ್ಲಿ ಅಳವಡಿಸಿದರು. ಮೊದಲ ಹಾಡಿನಲ್ಲೇ ಕಥಾನಾಯಕಿ ಬೆಲ್ ಪುಸ್ತಕ ಹಿಡಿದು ಫ್ರಾನ್ಸಿನ ಹಳ್ಳಿಯ ಬೀದಿಯಲ್ಲಿ ಸಾಗುತ್ತಾಳೆ. ಅವಳ ಓದಿನ ಕಥೆಗೆ ಬ್ರೆಡ್ ಮಾರುವವನು ಕಿವಿಗೊಡುವುದಿಲ್ಲ, ಊರವರು ಗುಸುಗುಸು ಆಡಿಕೊಳ್ಳುತ್ತಾರೆ, ಊರಿನ ಬೇಟೆಗಾರ ಗ್ಯಾಸ್ಟನ್ ಅವಳನ್ನೇ ವರಿಸುವ ಹಟ ತೊಡುತ್ತಾನೆ, ಹಾಡು ಮುಗಿಯುವ ಹೊತ್ತಿಗೆ ಅವಳ ಒಂಟಿತನ ಪೂರ್ಣವಾಗಿ ತಿಳಿದಿರುತ್ತದೆ. ಇಂಥ ಕೆಲಸ ಮಾಡಿದ ಆ್ಯಶ್‌ಮನ್ ಚಿತ್ರ ಬಿಡುಗಡೆಗೆ ಮೊದಲೇ, ಅದೇ ವರ್ಷದ ಮಾರ್ಚ್‌ನಲ್ಲಿ, ತೀರಿಕೊಂಡರು.

ಬೆಲ್ ಮತ್ತು ಶಾಪದಿಂದ ಮೃಗವಾದ ರಾಜಕುಮಾರನ ನೃತ್ಯದ ದೃಶ್ಯದಲ್ಲಿ ಸಭಾಂಗಣವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕುಣಿಯುವ ಜೋಡಿಯನ್ನು ಕೈಯಿಂದಲೇ ಬಿಡಿಸಲಾಗಿದ್ದು, ನೋಟವು ತೂಗುದೀಪದ ಪಕ್ಕದಿಂದ ಇಳಿದು ಬರುವಾಗ ಎರಡರ ನಡುವಿನ ಬೆಸುಗೆ ಕಾಣುವುದೇ ಇಲ್ಲ. ಆದರೂ ಮಿಗಿಲಾದುದು ಆ್ಯನಿಮೇಟರ್ ಗ್ಲೆನ್ ಕೀನ್ ರೂಪಿಸಿದ ಮೃಗವೇ: ಸಿಂಹದ ಕೇಸರ, ಕಾಡುಹಂದಿಯ ಕೋರೆ, ತೋಳದ ಕಾಲುಗಳ ನಡುವೆ ಕಣ್ಣು ಮಾತ್ರ ಮನುಷ್ಯನದು. ಆ ಕಣ್ಣುಗಳಿಗೆ ಒಗ್ಗಿಹೋದ ನೋಡುಗರಿಗೆ, ಕೊನೆಗೆ ಮೃಗ ಮತ್ತೆ ರಾಜಕುಮಾರನಾದಾಗ ಆ ಹೊಸ ಮುಖ ಅಪರಿಚಿತವೆನಿಸುತ್ತದೆ.