ಹೊಲಿಗೆ ನೋಡಲು ಫೋನು ಸಾಕೇ?

ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದ ಆಪರೇಷನ್ ಆದವರು ವಾರ ಹತ್ತು ದಿನಕ್ಕೆ ಮತ್ತೆ ತೋರಿಸಿಕೊಂಡು ಬರಬೇಕು. ಸರಗೂರು ಕಡೆಯ ಕೂಲಿಕಾರರಿಗೆ ಅದೆಂದರೆ ಮೈಸೂರಿಗೆ ಬಸ್ಸು, ಜೊತೆಗೆ ಬಂದವರ ಕೂಲಿಯೂ ಖೋತಾ, ಓಪಿಡಿ ಮುಂದಿನ ಸಾಲು. ಗಾಯ ಚೆನ್ನಾಗಿ ಮಾಗಿದ್ದರೆ ಡಾಕ್ಟರು ನೋಡುವುದು ನಾಲ್ಕೈದು ನಿಮಿಷ. ಈ ಅಲೆದಾಟ ತಪ್ಪಿಸುವ ಟೆಲಿಮೆಡಿಸಿನ್ ನಮಗೆ ಬೇಕೇ ಬೇಕು. ಆದರೆ ಬರೀ ಫೋನು ಕೊಟ್ಟರೆ ಆಗದು, ರೋಗಿಯ ಪಕ್ಕದಲ್ಲಿ ಗಾಯ ನೋಡಬಲ್ಲ ಒಬ್ಬರೂ ಇರಬೇಕು.

ದೂರದಿಂದಲೇ ಗಾಯ ನೋಡುವ ಪದ್ಧತಿಗೆ ಆಧಾರವಿಲ್ಲ ಎನ್ನುವಂತಿಲ್ಲ. ಎಡಿನ್‌ಬರೋದಲ್ಲಿ ಹೊಟ್ಟೆಯ ತುರ್ತು ಶಸ್ತ್ರಚಿಕಿತ್ಸೆಯಾದ 492 ಮಂದಿಯ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನವರು ಗಾಯದ ಫೋಟೊ ಕಳಿಸಿ, ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಸೋಂಕು ಪತ್ತೆಯಾಗಲು ಹಿಡಿದ ಸಮಯದಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲ ವಾರದಲ್ಲೇ ಪತ್ತೆಯಾದ ಪ್ರಮಾಣ ಹೆಚ್ಚಿತು, ಊರಿನ ಡಾಕ್ಟರ ಬಳಿ ಓಡಾಡುವುದು ಕಡಿಮೆಯಾಯಿತು. ಅಲ್ಲಿ ಫೋಟೊದ ಜೊತೆ ಸರಿಯಾದ ಪ್ರಶ್ನೆಗಳೂ ಇದ್ದವು ಎಂಬುದನ್ನು ಮರೆಯಬಾರದು.

ನಮ್ಮಲ್ಲಿ "ಎಲ್ಲಾ ಚೆನ್ನಾಗಿದೆಯಾ?" ಎಂದು ಕೇಳಿದರೆ "ಹೂಂ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ದೊಡ್ಡ ಡಾಕ್ಟರಿಗೆ ಇಲ್ಲ ಎನ್ನಲು ಸಂಕೋಚ. "ಬಟ್ಟೆಗೆ ರಸಿಗೆ ಅಂಟಿದೆಯಾ? ರಾತ್ರಿ ಚಳಿ ಬಂತಾ? ಗಾಳಿ ಹೋಯಿತಾ? ಕಾಲಿನ ಮೀನಖಂಡ ಊದಿದೆಯಾ?" ಎಂದು ಬಿಡಿಸಿ ಕೇಳಿದಾಗಲೇ ನಿಜ ಹೊರಬೀಳುತ್ತದೆ. ಫೋಟೊದ ಮಿತಿಯೂ ಸಣ್ಣದಲ್ಲ. ಹಳದಿ ಬಲ್ಬಿನ ಬೆಳಕಲ್ಲಿ ತೆಗೆದರೆ ಗಾಯದ ಸುತ್ತಲಿನ ಕೆಂಪು ಅಡಗುತ್ತದೆ, ಕಪ್ಪು ಮೈಬಣ್ಣದ ಮೇಲೆ ಅದು ಮೊದಲೇ ಮಂಕು. ಹೊಲಿಗೆಯ ಪಕ್ಕದ ಚರ್ಮ ಬಿಸಿಯಾಗಿದೆಯೇ, ಒಳಗೆ ಗಟ್ಟಿಯಾಗಿದೆಯೇ ಎಂಬುದು ಮುಟ್ಟಿದ ಕೈಗಷ್ಟೇ ಗೊತ್ತು.

ಫೋನಿಗೆ ಮಿತಿ ಇದೆ ಎಂಬುದನ್ನು ನಿಯಮವೂ ಒಪ್ಪುತ್ತದೆ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ನೇರವಾಗಿ ನೋಡಿದ ಆರು ತಿಂಗಳೊಳಗೆ ಅದೇ ಕಾಯಿಲೆಗೆ ಮಾತಾಡಿದರೆ ಅದು ಮುಂದುವರಿದ ಸಮಾಲೋಚನೆ. ಆ ಕಾಯಿಲೆಗೆ ಸೇರದ ಹೊಸ ಲಕ್ಷಣ ಕಂಡರೆ ಅದು ಹಾಗಾಗದು. ಟ್ರಮಡಾಲ್‌ನಂಥ ನೋವಿನ ಮಾತ್ರೆಯನ್ನು ಫೋನಿನಲ್ಲಿ ಬರೆದುಕೊಡುವಂತೆಯೂ ಇಲ್ಲ.

ರೋಗಿಯ ಪಕ್ಕದಲ್ಲಿ ಒಬ್ಬರು ಇರುವ ಪದ್ಧತಿ ಹೊಸದೇನಲ್ಲ. ಈ ಶತಮಾನದ ಆರಂಭದಲ್ಲೇ ಇಸ್ರೋ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಿತ್ತು. ಪರದೆಯ ಆಚೆ ತಜ್ಞರಿದ್ದರೆ ಈಚೆ ರೋಗಿಯ ಬಳಿಯೂ ವೈದ್ಯರಿದ್ದರು. 2019ರಲ್ಲಿ ಶುರುವಾದ ಇ-ಸಂಜೀವನಿ ಟೆಲಿಮೆಡಿಸಿನ್ ಸೇವೆಯ ಮೊದಲ ರೂಪವೂ ಹೀಗೆಯೇ. ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯನ್ನು ಕೂರಿಸಿಕೊಂಡು ದೂರದ ಡಾಕ್ಟರ ಜೊತೆ ಮಾತಾಡುತ್ತಿದ್ದರು. ಆಪರೇಷನ್ ನಂತರದ ಆರೈಕೆಗೆ ಒಪ್ಪುವ ಮಾದರಿ ಇದೇ. ಅಂಥ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಡ್ರೆಸ್ಸಿಂಗ್ ಬಿಚ್ಚಿ, ಜ್ವರ ನೋಡಿ, ಗಾಯದ ಸುತ್ತ ಒತ್ತಿ ನೋಡಿ ತಿಳಿಸಿದರೆ ಶಸ್ತ್ರವೈದ್ಯರಿಗೆ ನಂಬಬಹುದಾದ ವರದಿ ಸಿಗುತ್ತದೆ.

ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲೇ ಮೂರು ವಿಷಯ ಕನ್ನಡದಲ್ಲಿ ಬರೆಯಲಿ: ಫೋನು ಮಾಡುವ ದಿನ, ಉತ್ತರಿಸುವವರ ನಂಬರು, ತಕ್ಷಣ ಹೊರಟು ಬರಬೇಕಾದ ಲಕ್ಷಣಗಳು. ಹಾಗೆ ಬಂದವರನ್ನು ಸಾಲಿನಲ್ಲಿ ನಿಲ್ಲಿಸದೆ ನೋಡಲಿ. ಅಷ್ಟು ಮಾಡದ ಆಸ್ಪತ್ರೆಯ ಟೆಲಿಮೆಡಿಸಿನ್ ತನ್ನ ಓಪಿಡಿಯ ಭಾರವನ್ನು ಇಳಿಸಿ ರೋಗಿಯ ಹೆಗಲಿಗೆ ಹೊರಿಸುತ್ತದೆ, ಅಷ್ಟೇ.