ಹುಳಿ ಮೊಸರಿಗೊಂದು ಬ್ರೆಡ್ಡು

ಐರ್ಲೆಂಡಿನ ಸೋಡಾ ಬ್ರೆಡ್ಡು ಬೆಂಗಳೂರಿನ ಕೋಣನಕುಂಟೆಯ ಅಡುಗೆಮನೆಗೆ ಪರಕೀಯವಲ್ಲ ಎಂಬುದು ನನ್ನ ವಾದ. ಅದಕ್ಕೆ ಬೇಕಾದವು ನಾಲ್ಕೇ: ಗೋಧಿಯ ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ. ಮಜ್ಜಿಗೆಯ ಆಮ್ಲ ಸೋಡಾಕ್ಕೆ ತಗುಲಿದೊಡನೆ ಇಂಗಾಲದ ಡೈಆಕ್ಸೈಡ್ ಹೊಮ್ಮಿ ಹಿಟ್ಟು ಉಬ್ಬುತ್ತದೆ. ಯೀಸ್ಟ್ ಬೇಡ, ಗಂಟೆಗಟ್ಟಲೆ ಕಾಯುವುದೂ ಬೇಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್ ಹೋಟೆಲು ರೂಪಿಸಿದ ರವೆ ಇಡ್ಲಿ ನಿಂತಿರುವುದೂ ಮೊಸರು, ಸೋಡಾಗಳ ಈ ನಂಟಿನ ಮೇಲೆಯೇ. ಮಂಗಳೂರು ಬನ್ಸ್ ಕೂಡ ಇದೇ ವಂಶದ್ದು.

ಯೀಸ್ಟ್ ಬ್ರೆಡ್ಡಿನ ನಯ ಇದಕ್ಕಿಲ್ಲ ಎನ್ನುವವರಿದ್ದಾರೆ. ನಿಜ, ಇಲ್ಲ. ಐರ್ಲೆಂಡಿನ ಗೋಧಿ ಮೆದು, ಅದರಲ್ಲಿ ಅಂಟಿನಂಶ ಕಡಿಮೆ; ಆ ಕೊರತೆಗೆ ತಕ್ಕಂತೆ ಹುಟ್ಟಿದ ಕುಶಲತೆಯೆಂದರೆ ನಾದದಿರುವುದು. ಚಪಾತಿಗೆ ಪಳಗಿದ ಕೈಗೆ ಇದೇ ಕಷ್ಟದ ಪಾಠ. 450 ಗ್ರಾಂ ಮೈದಾಕ್ಕೆ ಒಂದೊಂದು ಟೀ ಚಮಚ ಸೋಡಾ, ಉಪ್ಪು, ಸುಮಾರು 350 ಮಿ.ಲೀ. ಮಜ್ಜಿಗೆ ಬೆರೆಸಿ, ಹಿಟ್ಟು ಒಂದಾದೊಡನೆ ಕೈ ತೆಗೆಯಬೇಕು. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ದೂರುವವರು ತಿಂದಿರುವುದು ಬಹುಶಃ ಅಂಥದ್ದನ್ನೇ. ಅವನ್ ಇಲ್ಲವೆಂಬ ಆಕ್ಷೇಪವೂ ನಿಲ್ಲದು. ಐರಿಷ್ ರೈತರು ಎರಕದ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಉತ್ತರ ಐರ್ಲೆಂಡಿನಲ್ಲಿ ಇಂದಿಗೂ ನಾಲ್ಕು ತುಂಡು ಮಾಡಿ ಕಾವಲಿಯ ಮೇಲೆ ಸುಡುತ್ತಾರೆ. ಕಾವಲಿ ನಮ್ಮ ಮನೆಯಲ್ಲಿಲ್ಲವೇ? ಪ್ಯಾಕೆಟ್ಟಿನ ಮಸಾಲೆ ಮಜ್ಜಿಗೆ ಮಾತ್ರ ಬೇಡ. ಊಟಕ್ಕೆ ಒಲ್ಲೆನಿಸುವಷ್ಟು ಹುಳಿತ ಮೊಸರನ್ನು ನೀರು ಬೆರೆಸಿ ಕಡೆದುಕೊಳ್ಳಿ. ಮರುದಿನಕ್ಕೆ ಈ ಬ್ರೆಡ್ಡು ಒಣಗುತ್ತದೆ. ಮಾಡಿದ ದಿನವೇ ಬೆಣ್ಣೆ ಹಚ್ಚಿ ತಿನ್ನಿ.